ರಿಲೀವರ್ ಬರುವ ತನಕ

ನಮ್ಮ ಅಕ್ಕ ಚಾಮುಂಡಮ್ಮನ ವೀಳ್ಯಶಾಸ್ತ್ರದ ದಿನ ಗಂಡೇ ಬಂದಿರಲಿಲ್ಲ. ಗಂಡಿನ ಕಡೆಯವರೆಲ್ಲ ಬಂದು, ಜಮಖಾನದ ಮೇಲೆ ಕೂತು, ಎರಡೆರಡು ಸಲ ಕಾಫಿ ಕುಡಿದು, ಮಳೆ ಬೆಳೆಯ ಮಾತೂ ಮುಗಿದು, ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಗಳಿಗೆ ಮೀರುತ್ತದೆ ಎಂದು ಪುರೋಹಿತರು ಗೊಣಗಲು ಶುರು ಮಾಡಿದ ಮೇಲೆ ಬಾಗಿಲಲ್ಲಿ ಒಂದು ಸೈಕಲ್ಲು ನಿಂತಿತು. ಅದರಿಂದ ಇಳಿದವರ ಮೈಮೇಲೆ ಕಾರ್ಖಾನೆಯ ನೀಲಿ ಬಟ್ಟೆ, ಕಾಲಲ್ಲಿ ದಪ್ಪ ಬೂಟು. ಸುಟ್ಟ ರಬ್ಬರಿನ ವಾಸನೆ ಅವರಿಗಿಂತ ಮುಂಚೆ ಒಳಗೆ ಬಂತು. "ರಿಲೀವರ್ ಬರ್ಲಿಲ್ಲ" ಎಂದಷ್ಟೇ ಹೇಳಿ, ಕೈಕಾಲು ತೊಳೆದುಕೊಂಡು ಬಂದು ಕೂತರು. ನಾನಾಗ ಸಣ್ಣವನು. ಇಂಥ ಭಾವ ನನಗೆ ಬೇಡವೇ ಬೇಡ ಎಂದು ಹಟ ಹಿಡಿದೆ. ನಮ್ಮಜ್ಜಿ ಮುದ್ದಮ್ಮ ಮಾತ್ರ, "ಸುಮ್ನಿರ್ಲಾ. ಮಿಷಿನ್ನೇ ಬುಟ್ಟು ಬರ್ದೋನು ಹೆಂಡ್ತಿ ಬುಟ್ಟು ಎಲ್ಲೋದಾನು?" ಎಂದು ತೀರ್ಪು ಕೊಟ್ಟುಬಿಟ್ಟಳು. ಅಲ್ಲಿಗೆ ಮದುವೆ ನಿಶ್ಚಯವಾಯಿತು.

ಭಾವನ ಹೆಸರು ಮರಿಸ್ವಾಮಿ. ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ರಬ್ಬರ್ ಬೇಯಿಸುವ ಪ್ರೆಸ್ಸಿನ ಮೇಲೆ ಆಯುಸ್ಸು ಕಳೆದವರು. ಅಲ್ಲಿ ಒಂದು ಶಿಫ್ಟಿನವನು ಮನೆಗೆ ಹೋಗಬೇಕಾದರೆ ಮುಂದಿನ ಶಿಫ್ಟಿನವನು ಬಂದು, ಪಕ್ಕದಲ್ಲಿ ನಿಂತು, ಹಿಡಿಯ ಮೇಲೆ ಕೈ ಇಡಬೇಕು. ಹಾಗೆ ಬರುವವನೇ ರಿಲೀವರ್. ಅವನ ಕೈ ಬಿದ್ದ ಮೇಲೆ ಇವನ ಕೈ ಏಳಬೇಕು, ಅದಕ್ಕೆ ಮುಂಚೆ ಅಲ್ಲ. ಒಳಗೆ ಮಾಲು ಬೇಯುತ್ತಿರುವಾಗ ಪ್ರೆಸ್ಸನ್ನು ಒಂಟಿಯಾಗಿ ಬಿಟ್ಟರೆ ಮಾಲೂ ಹಾಳು, ಕೆಲವೊಮ್ಮೆ ಯಾರದೋ ಬೆರಳೂ ಹಾಳು. ಭಾವ ಒಂದು ದಿನವೂ ಬಿಟ್ಟವರಲ್ಲ. ಹಬ್ಬದ ಊಟಕ್ಕೆ, ಸಾವಿನ ಮನೆಗೆ, ಎಲ್ಲದಕ್ಕೂ ತಡವಾಗಿ ಬರುವುದು ಅವರ ಹಣೆಬರಹ ಎಂದು ನಾವೆಲ್ಲ ಒಪ್ಪಿಕೊಂಡಿದ್ದೆವು.

ನನ್ನದು ಕೆಸರೆಯಲ್ಲಿ ಹಿಟ್ಟಿನ ಗಿರಣಿ, ಅಕ್ಕನ ಮನೆಯಿಂದ ಒಂದು ಬೀದಿ ಆಚೆ. ನಮ್ಮ ಶಾಸ್ತ್ರವೇ ಬೇರೆ. ಕಾಳಿಲ್ಲದಾಗ ಗಿರಣಿ ಓಡಿಸಬಾರದು, ಕಲ್ಲು ಕಲ್ಲನ್ನೇ ತಿನ್ನುತ್ತದೆ. ಮಿಷಿನ್ನು ನಿಂತರೆ ಪಾಪ ಎನ್ನುವ ಅವರಿಗೂ, ಸುಮ್ಮನೆ ಓಡಿದರೆ ಪಾಪ ಎನ್ನುವ ನನಗೂ ಈ ವಿಷಯದಲ್ಲಿ ವಾದ ನಿಂತಿದ್ದೇ ಇಲ್ಲ. ನನಗೆ ಸಿಟ್ಟು ಬೇಗ, ಅವರಿಗೆ ಸಿಟ್ಟೇ ಇಲ್ಲ. ಆದ್ದರಿಂದ ಯಾವಾಗಲೂ ನಾನೇ ಸೋಲುತ್ತಿದ್ದೆ.

ನಿವೃತ್ತಿಯಾದ ಮೇಲೆ ಅವರ ಕಾಟ ಅಕ್ಕನಿಗೆ ವರ್ಗವಾಯಿತು. ಒಲೆಯ ಮೇಲೆ ಹಾಲಿಟ್ಟು ಅವಳು ಬಾಗಿಲಲ್ಲಿ ಹೂವಿನವಳನ್ನು ಮಾತಾಡಿಸಲು ಹೋದರೆ, ವಾಪಸು ಬರುವಷ್ಟರಲ್ಲಿ ಭಾವ ಒಲೆಯ ಮುಂದೆ ನೆಟ್ಟಗೆ ನಿಂತಿರುವರು.

"ಇಲ್ಯಾಕ್ರೀ ನಿಂತಿದ್ದೀರಿ?"

"ನೀನು ಬರೋಗಂಟ ನೋಡ್ಕೊಂಡಿರಾನ ಅಂತ."

"ಹಾಲಿಗೂ ಒಂದು ಆಳು ಬೇಕೇನ್ರೀ? ಹೋಗಿ ಪ್ರಕಾಶನ ಗಿರಣಿ ಹತ್ರ ಕೂತ್ಕೊಳಿ" ಎಂದು ಅಕ್ಕ ನನ್ನ ತಲೆಗೆ ಕಟ್ಟುವಳು. ಅವರು ಬಂದು ನನ್ನ ಗಿರಣಿಯ ಬೆಲ್ಟಿನ ಸದ್ದು ಸರಿಯಿಲ್ಲ ಎಂದು ಹೇಳುತ್ತ ಕೂರುವರು. ಸದ್ದು ಸರಿಯಾಗಿಯೇ ಇರುತ್ತಿತ್ತು.

ಇಂಥವರಿಗೆ ಒಂದು ಹೊಸ ಮಿಷಿನ್ನು ತಂದುಕೊಟ್ಟವಳು ಅವರ ಒಬ್ಬಳೇ ಮಗಳು ಗಗನ. ಇಲ್ಲೇ ಇಂಜಿನಿಯರಿಂಗ್ ಓದಿ, ಹೆಬ್ಬಾಳದ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಳು. ಗಂಡ ಲಿಖಿತ್ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ. ಅವರ ಮನೆ ಚಾಮರಾಜಪುರಂನಲ್ಲಿ. ಅವಳು ವ್ಯಾಲಿಡೇಟರ್ ಎಂಬ ಪದ ತಂದಾಗ ನನಗೆ ಗಿರಣಿಯಲ್ಲೇ ಕೂತು ತಿಳಿಸಿ ಹೇಳಿದಳು.

"ಒಂದು ಲೆಕ್ಕದ ಪುಸ್ತಕ ಅಂದ್ಕೋ ಮಾವ. ಅದಕ್ಕೆ ಯಜಮಾನ ಅಂತ ಯಾರೂ ಇಲ್ಲ. ಒಂದೊಂದು ಊರಲ್ಲಿ ಒಂದೊಂದು ಮಿಷಿನ್ ಕೂತ್ಕೊಂಡು, ಬರೋ ಪುಟನೆಲ್ಲ ತಾಳೆ ನೋಡಿ, ಸರಿ ಇದ್ರೆ ಸಹಿ ಹಾಕ್ತವೆ. ಅಂಥ ಒಂದು ಮಿಷಿನ್ ನಮ್ಮದು."

ಸಹಿ ಹಾಕುವ ಹಕ್ಕು ಸುಮ್ಮನೆ ಬರುವುದಿಲ್ಲ. ಇಂಥ ಮಿಷಿನ್ನುಗಳ ಜಾಲಕ್ಕೆ ಅದರದೇ ಆದ ಕಂಪ್ಯೂಟರ್ ನಾಣ್ಯವಿದೆ, ಅದನ್ನು ಪಣವಾಗಿ ಇಡಬೇಕು. ನಿಯತ್ತಾಗಿ ಸಹಿ ಹಾಕಿದರೆ ಸ್ವಲ್ಪ ಪ್ರತಿಫಲ, ಮಿಷಿನ್ನು ನಿದ್ದೆ ಹೋದರೆ ಸ್ವಲ್ಪ ದಂಡ, ಮೋಸ ಮಾಡಿದರೆ ಪಣಕ್ಕೇ ಕತ್ತರಿ. ನಮ್ಮಲ್ಲಿ ಪಣ ಸಾಲದಿದ್ದರೆ ಯಾರೋ ಅಪರಿಚಿತರು ನಮ್ಮನ್ನು ನಂಬಿ ತಮ್ಮ ನಾಣ್ಯವನ್ನು ನಮ್ಮ ಹೆಸರಿಗೆ ಇಡಬಹುದು. ಪ್ರತಿಫಲ ಬಂದರೆ ಅವರಿಗೂ ಪಾಲು, ಕತ್ತರಿ ಬಿದ್ದರೂ ಅವರಿಗೂ ಪಾಲು.

"ಅಂದ್ರೆ ಜಾಮೀನು ಹಾಕ್ದಂಗೆ" ಎಂದೆ.

"ಹೂಂ ಮಾವ, ಅಂಗೇ."

"ಜಾಮೀನು ಹಾಕ್ದೋನು ಉದ್ಧಾರ ಆಗಿದ್ದು ನಾನಂತೂ ಕಾಣೆ ಕಣಮ್ಮ" ಎಂದೆ. ಅವಳು ನಕ್ಕಳು. ನನ್ನ ಮಾತು ಕೇಳದೇ ಇರುವುದು ಅವರಪ್ಪನ ಕಡೆಯಿಂದ ಬಂದ ಗುಣ.

ಅವಳ ಗೆಳತಿಯರೆಲ್ಲ, ಮಿಷಿನ್ನನ್ನು ಮನೆಯಲ್ಲಿಡಬೇಡ, ಎಲ್ಲಾದರೂ ಬಾಡಿಗೆಗೆ ತೆಗೆದುಕೋ ಎಂದರಂತೆ. "ನಮ್ಮಪ್ಪನಂಥ ಆಪರೇಟರ್ ಬಾಡಿಗೆಗೆ ಸಿಗಲ್ಲ" ಎಂದು ಇವಳು ಫೋನಿನಲ್ಲಿ ಉತ್ತರ ಕೊಟ್ಟಿದ್ದನ್ನು ಭಾವ ಕೇಳಿಸಿಕೊಂಡರು. ಕೇಳಿಸದವರಂತೆ ಎದ್ದು ಹೋಗಿ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಕೂತರು. ಎಲ್ಲಿಗಾದರೂ ಹೊರಟಿದ್ದೀರಾ ಎಂದು ಅಕ್ಕ ಕೇಳಿದರೆ ಇಲ್ಲ ಎಂದರು.

ಅಕ್ಕನ ಮನೆಯಲ್ಲಿ ನಡುಮನೆಯ ಪಕ್ಕದ ಪುಟ್ಟ ಕೋಣೆಯಲ್ಲಿದ್ದ ರಾಗಿ ಮೂಟೆಗಳು ಅಟ್ಟ ಹತ್ತಿದವು. ಆ ಜಾಗದಲ್ಲಿ ಒಂದು ಟಿಫನ್ ಕ್ಯಾರಿಯರ್ ಗಾತ್ರದ ಕಂಪ್ಯೂಟರು ಬಂದು ಕೂತಿತು. ಅದರ ಜೊತೆಗೆ ಯುಪಿಎಸ್ಸು, ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಎರಡು ಇಂಟರ್ನೆಟ್ಟು. ಹಲ್ಲಿ ಬರದಂತೆ ಭಾವ ಕಿಟಕಿಗೆ ಜಾಲರಿ ಹೊಡೆದರು. ಶಾಖ ಹೋಗಲು ಫ್ಯಾನು ಕೂರಿಸಿದರು. ಪರದೆಯ ಮೇಲೆ ಪುಟದ ನಂಬರು ಏರುತ್ತ ಹೋಗುವುದು, ಸಹಿ ಬಿದ್ದರೆ ಹಸಿರು, ತಪ್ಪಿದರೆ ಕೆಂಪು. ಇಷ್ಟನ್ನು ಓದಲು ಅವರು ಬೇಗ ಕಲಿತರು. ಸಹಿ ತಪ್ಪಿದರೆ ಅವರ ಫೋನು ಸೈರನ್ ಕೂಗುವಂತೆ ಗಗನ ಮಾಡಿಕೊಟ್ಟಳು. ಊಟಕ್ಕೆ ಕೂತಾಗ ಅದು ಕೂಗಿದರೆ ಮುದ್ದೆ ಹಿಡಿದ ಕೈಯಲ್ಲೇ ಓಡುವರು. ವ್ಯಾಲಿಡೇಟರ್ ಎಂಬ ಹೆಸರು ಅವರ ಬಾಯಲ್ಲಿ ಒಂದು ಸಲವೂ ಬರಲಿಲ್ಲ. ಅವರಿಗೆ ಅದು ಬರೀ ಮಿಷಿನ್ನು, ಕೆಲವೊಮ್ಮೆ 'ಪ್ರೆಸ್ಸು'.

ಜಾಲದಲ್ಲಿ ನಮ್ಮ ಮಿಷಿನ್ನಿನ ಹೆಸರು 'ಕೆಸರೆ'. ಸಹಿ ಹಾಕುವವರ ಸಾಲಿನಲ್ಲಿ ಜಾಗ ಇಂತಿಷ್ಟೇ. ಪಣ ಕಡಿಮೆ ಇದ್ದವರು ಹೊರಗೆ ಕಾಯಬೇಕು. ವರ್ಷಕ್ಕೂ ಮೇಲೆ ಕಾದೆವು. ಜಾಲದವರ ಗುಂಪಿನಲ್ಲಿ ಯಾರು ಏನು ಕೇಳಿದರೂ ಗಗನ ತಾಳ್ಮೆಯಿಂದ ಉತ್ತರ ಕೊಡುತ್ತಿದ್ದಳು. ಮಿಷಿನ್ನು ಯಾಕೆ ನಿಂತಿತು, ಯಾವಾಗ ಸರಿಹೋಯಿತು ಎಂದು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದಳು. ಒಬ್ಬೊಬ್ಬರೇ ನಂಬಿದರು. ಸಾಲಿನೊಳಗೆ ಜಾಗ ಸಿಕ್ಕ ದಿನ ಅಕ್ಕ ಒಬ್ಬಟ್ಟು ಮಾಡಿದಳು. ಅಷ್ಟರಲ್ಲಿ ಗಗನ ಬಸುರಿ. ಓಡಾಟ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಕೆಲಸ ಬಿಟ್ಟಿದ್ದಳು. ತನ್ನದು ಎಂದು ಹೇಳಿಕೊಳ್ಳಲು ಅವಳಿಗೆ ಉಳಿದಿದ್ದು ಈ ಕೆಸರೆಯ ಹೆಸರೊಂದೇ. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ನಮಗೆಲ್ಲ ಗೊತ್ತಿತ್ತು.

ಇನ್ನೊಂದು ಮಿಷಿನ್ನು ಚಾಮರಾಜಪುರಂನ ಅವಳ ಗಂಡನ ಮನೆಯಲ್ಲಿತ್ತು. ಇಲ್ಲಿನದು ಕೆಟ್ಟರೆ ಅಲ್ಲಿನದನ್ನು ಇಲ್ಲಿಂದಲೇ ಶುರು ಮಾಡಬಹುದು. ಎರಡರಲ್ಲೂ ಇರುವುದು ಒಂದೇ ಸಹಿ. ಆದ್ದರಿಂದ ಗಗನ ಒಂದು ಕಟ್ಟುನಿಟ್ಟು ಮಾಡಿದ್ದಳು.

"ಎರಡೂ ಒಟ್ಟಿಗೆ ಓಡ್ಬಾರ್ದು ಅಪ್ಪ. ಮೊದ್ಲು ಒಂದನ್ನ ನಿಲ್ಸು. ಹತ್ತು ನಿಮಿಷ ಸುಮ್ನೆ ಕೂತ್ಕೋ. ಆಮೇಲೆ ಇನ್ನೊಂದು."

"ಆ ಹತ್ತು ನಿಮಿಷ ಯಾರು ಇರ್ತಾರೆ ಮಿಷಿನ್ ಮೇಲೆ?"

"ಯಾರೂ ಇರಲ್ಲ. ಏನೂ ಆಗಲ್ಲ. ಆದ್ರೆ ಒಂದೇ ಪುಟಕ್ಕೆ ಎರಡೂ ಕಡೆಯಿಂದ ಬೇರೆ ಬೇರೆ ಸಹಿ ಬಿತ್ತು ಅಂದ್ಕೋ, ಅವರಿಗೆ ನಾವು ತಪ್ಪು ಮಾಡಿದ್ವೋ ಮೋಸ ಮಾಡಿದ್ವೋ ಎಂಗೆ ಗೊತ್ತಾಗ್ಬೇಕು? ಇವನು ಎರಡು ನಾಲಿಗೆಯೋನು ಅಂತ ಹೊರಗೆ ಹಾಕ್ಬುಡ್ತಾರೆ. ಮತ್ತೆ ಯಾವತ್ತೂ ಸೇರ್ಸಲ್ಲ."

ಭಾವ ತಲೆಯಾಡಿಸಿದರು. ಅವಳ ಜೊತೆ ಕೂತು ಒಂದೆರಡು ಸಲ ಹಾಗೇ ಮಾಡಿಯೂ ನೋಡಿದರು. ಆ ಹತ್ತು ನಿಮಿಷ ಅವರು ಕುರ್ಚಿಯಿಂದ ಎದ್ದು, ಕೂತು, ಮತ್ತೆ ಎದ್ದು ಪಟ್ಟ ಪಾಡನ್ನು ನಾನು ಕಣ್ಣಾರೆ ಕಂಡಿದ್ದೇನೆ. ಚೊಚ್ಚಲ ಹೆರಿಗೆಗೆ ಗಗನ ತವರಿಗೆ ಬಂದ ಮೇಲಂತೂ ಇಬ್ಬರೂ ಅದೇ ಕೋಣೆಯಲ್ಲಿ ಬೆಳಗಿನ ಕಾಫಿ ಕುಡಿಯುತ್ತಿದ್ದರು.

ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಬದಲಾಯಿಸುತ್ತಾರೆ, ಹಗಲಿಡೀ ಕರೆಂಟು ಇರುವುದಿಲ್ಲ ಎಂದು ಮುಂಚೆಯೇ ಗೊತ್ತಾಗಿತ್ತು. ಯುಪಿಎಸ್ಸು ಅಷ್ಟು ಹೊತ್ತು ತಡೆಯುವುದಿಲ್ಲ. ಬೆಳಿಗ್ಗೆ ನಾನೇ ಕೂತು ಚಾಮರಾಜಪುರಂಗೆ ಬದಲಾಯಿಸುತ್ತೇನೆ ಎಂದು ಗಗನ ಹೇಳಿದ್ದಳು. ಬೆಳಿಗ್ಗೆ ಅವಳಿಗೆ ನೋವು ಕಾಣಿಸಿಕೊಂಡಿತು. ಹೇಳಿದ ದಿನಕ್ಕಿಂತ ಮುಂಚೆಯೇ. ಲಿಖಿತ್ ಕಾರು ತಂದ. ಅಕ್ಕ ಜೊತೆಗೆ ಹತ್ತಿದಳು. ಬಿಸಿನೀರಿನ ಫ್ಲಾಸ್ಕು, ಮಗುವಿಗೆ ಒಗೆದಿಟ್ಟ ಹಳೇ ಸೀರೆಯ ತುಂಡುಗಳು, ಎಲ್ಲ ತೆಗೆದುಕೊಂಡು ಹಿಂದೆಯೇ ಬನ್ನಿ ಎಂದು ನಮ್ಮಿಬ್ಬರಿಗೆ ಅಪ್ಪಣೆಯಾಯಿತು. ಗಗನ ಗೇಟು ಹಿಡಿದುಕೊಂಡು ತಿರುಗಿ ನೋಡಿದಳು.

"ಅಪ್ಪಾ, ಮಿಷಿನ್ ನಿಂತ್ರೆ ನಿಲ್ಲಲಿ ಬುಡು. ನೀನೇನೂ ಮುಟ್ಬೇಡ. ನಿಂತ್ರೆ ಸಣ್ಣ ದಂಡ ಅಷ್ಟೇ."

"ಆಯ್ತು ಕಣವ್ವ, ನೀನು ಹೋಗು" ಎಂದರು ಭಾವ.

ಕಾರು ಹೋಯಿತು. ಸ್ವಲ್ಪ ಹೊತ್ತಿಗೆ ಕರೆಂಟೂ ಹೋಯಿತು. ನಾನು ಫ್ಲಾಸ್ಕು ತುಂಬಿಸಿಕೊಂಡು ಬಂದು ನೋಡಿದರೆ ಭಾವ ಪುಟ್ಟ ಕೋಣೆಯಲ್ಲಿ. ಯುಪಿಎಸ್ಸು ಕೀಂ ಕೀಂ ಎನ್ನುತ್ತಿತ್ತು.

"ಹೊರಡಿ ಭಾವ."

"ತಡಿ ಕಣೋ."

"ಮುಟ್ಬೇಡ ಅಂದ್ಲಲ್ಲ ಅವಳು?"

"ನಾನು ಹೆದರ್ಕೋಬಾರ್ದು ಅಂತ ಅಂಗಂದ್ಲು. ಅಂಥ ನೋವಲ್ಲೂ ಮಿಷಿನ್ ಮಾತೇ ಆಡಿದ್ಲಲ್ಲೋ. ಅವಳ ಜೀವ ಇದ್ರಲ್ಲಿ ಎಷ್ಟಿರ್ಬೇಕು ನೋಡು."

ಲ್ಯಾಪ್‌ಟಾಪಿನ ಮುಂದೆ ಕೂತರು. ಚಾಮರಾಜಪುರಂನ ಮಿಷಿನ್ನು ಸಿದ್ಧವಾಗಿದೆ ಎಂದು ನೋಡಿಕೊಂಡರು. ಇಲ್ಲಿಯದನ್ನು ನಿಲ್ಲಿಸಲು ಬೆರಳು ಚಾಚಿದರು. ಆ ಬೆರಳು ಅಲ್ಲೇ ನಿಂತಿತು. ಯುಪಿಎಸ್ಸು ಕೂಗುತ್ತಲೇ ಇತ್ತು, ಪರದೆಯ ಮೇಲೆ ಹಸಿರು ಒಂದರ ಹಿಂದೊಂದು ಬೀಳುತ್ತಲೇ ಇತ್ತು. "ಮೊದ್ಲು ರಿಲೀವರ್ ಬಂದು ನಿಂತ್ಕೊಳ್ಲಿ. ಆಮೇಲೆ ಇವನ್ನ ಬುಡಾನ" ಎಂದು ತಮಗೆ ತಾವೇ ಹೇಳಿಕೊಂಡರು. ಕೇಳಿದ ನನಗೂ ಅದು ಸರಿಯೆನಿಸಿತು. ಚಾಮರಾಜಪುರಂನದನ್ನು ಶುರು ಮಾಡಿದರು. ಅಲ್ಲಿಯೂ ಹಸಿರು ಬಂತು. "ಬಂದ" ಎಂದರು, ಮುಖ ಅರಳಿತು. ಆಮೇಲೆ ನಿಧಾನವಾಗಿ ಇಲ್ಲಿಯದನ್ನು ನಿಲ್ಲಿಸಿದರು. ಎರಡೂ ಒಟ್ಟಿಗೆ ಓಡಿದ್ದು ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು.

ಜಾಲಕ್ಕೆ ಅಷ್ಟು ಸಾಕಾಗಿತ್ತು. ಪರದೆಯ ಮೇಲೆ ಕೆಸರೆ ಎಂಬ ಹೆಸರು ಕೆಂಪಾಯಿತು, ಆಮೇಲೆ ಬೂದಿ ಬಣ್ಣಕ್ಕೆ ತಿರುಗಿತು. ಪಕ್ಕದಲ್ಲಿ ಒಂದು ಇಂಗ್ಲಿಷ್ ಪದ ಬಂತು. ಭಾವ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಸಮಾಧಿಯ ಮೇಲೆ ಕಲ್ಲು ನೆಟ್ಟಾಯಿತು ಎಂದೇ ಅದರ ಅರ್ಥವಂತೆ, ಗಗನ ಮೊದಲೇ ಹೇಳಿಕೊಟ್ಟಿದ್ದಳು. ನಮ್ಮದೂ ಸೇರಿ, ನಮ್ಮನ್ನು ನಂಬಿದ್ದ ಎಲ್ಲರ ಪಣದಲ್ಲೂ ಇಪ್ಪತ್ತರಲ್ಲೊಂದು ಪಾಲು ಕತ್ತರಿಸಿಹೋಗಿತ್ತು. ಆ ಸಹಿ ಇನ್ನು ಯಾವತ್ತೂ ಚಲಾವಣೆಯಾಗುವುದಿಲ್ಲ.

"ಪ್ರಕಾಶ, ಮಾಲು ಸುಟ್ಟೋಯ್ತು ಕಣೋ" ಎಂದರು.

ನಾನು ಕೂಗಾಡಿದೆ. ಹೆತ್ತ ಮಗಳು ಬಾಯಿಬಿಟ್ಟು ಹೇಳಿದ್ದನ್ನು ಕೇಳದವರು ಇನ್ಯಾರ ಮಾತು ಕೇಳುತ್ತೀರಿ ಎಂದೆ, ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಅಂಗೈ ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ನನ್ನ ಕೂಗು ತಾನಾಗಿಯೇ ಅಡಗಿತು.

ಸ್ವಲ್ಪ ಹೊತ್ತಾದ ಮೇಲೆ ಫೋನು ತೆಗೆದು ಜಾಲದ ಗುಂಪಿನಲ್ಲಿ ಒಂದೇ ಬೆರಳಿನಿಂದ ಕುಟ್ಟಲು ಶುರು ಮಾಡಿದರು. ಈಗ ಬೇಡ ಭಾವ ಎಂದೆ. "ಮಾಲು ಸುಟ್ರೆ ಮೊದ್ಲು ಕೂಗ್ಬೇಕು ಕಣೋ. ಬಚ್ಚಿಟ್ರೆ ಮುಂದಿನೋನ ಕೈ ಹೋಯ್ತದೆ" ಎಂದರು. ಇಂಗ್ಲಿಷ್ ಬರೆಯಲು ಬಾರದು, ಕನ್ನಡದಲ್ಲೇ ಬರೆದರು: "ನಮಸ್ಕಾರ. ಕೆಸರೆ ಮಿಷಿನ್ನಿನಲ್ಲಿ ಇಂದು ತಪ್ಪಾಗಿದೆ. ಎರಡನ್ನೂ ಒಟ್ಟಿಗೆ ಓಡಿಸಿದವನು ನಾನು, ಗಗನಳ ತಂದೆ. ಅವಳು ಹೆರಿಗೆಗೆ ಹೋಗಿದ್ದಾಳೆ. ಅವಳು ಬೇಡ ಎಂದು ಹೇಳಿದ್ದಳು. ಇದರಲ್ಲಿ ಮೋಸ ಇಲ್ಲ, ತಪ್ಪು ಇದೆ. ನಿಮಗೆ ನಷ್ಟ ಆಗಿದೆ, ಕ್ಷಮಿಸಬೇಕು. ಇಂತಿ ಮರಿಸ್ವಾಮಿ."

ಮಧ್ಯಾಹ್ನಕ್ಕೆ ಹೆಣ್ಣು ಮಗುವಾಯಿತು. ಆಸ್ಪತ್ರೆಯ ವರಾಂಡದಲ್ಲಿ ನಾನು ಅಕ್ಕನ ಕಿವಿಯಲ್ಲಿ ವಿಷಯ ಹೇಳಿದೆ. ಅಕ್ಕ ಸೆರಗು ಬಿಗಿದಳು. "ಬಾಣಂತಿಗೆ ಯಾರೂ ಉಸುರ್ಬೇಡಿ. ಎದೆಹಾಲು ಇಂಗೋಯ್ತದೆ" ಎಂದು ನಮ್ಮಿಬ್ಬರಿಗೂ ಲಿಖಿತನಿಗೂ ಆಣೆ ಹಾಕಿದಳು. ಒಳಗೆ ಹೋದೆವು. ಗಗನ ಬೆವೆತು ಬಸವಳಿದಿದ್ದ ಮುಖದಲ್ಲೇ ನಕ್ಕಳು.

"ಅಪ್ಪಾ, ಮಿಷಿನ್ನು?"

ಅಕ್ಕ ಹಿಂದಿನಿಂದ ದುರುಗುಟ್ಟಿ ನೋಡಿದಳು. ಭಾವ ತೊಟ್ಟಿಲ ಕಡೆ ನೋಡುತ್ತ, "ನಡೀತಾ ಅದೆ ಕಣವ್ವ" ಎಂದರು.

ಬಾಣಂತನ ಶುರುವಾಯಿತು. ಎರೆಯುವುದು, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಫೋನು ನೋಡಿದರೆ ಕಣ್ಣಿಗೆ ಶೀತ ಎಂದು ಅಕ್ಕ ಅದನ್ನು ತನ್ನ ಬೀರುವಿನಲ್ಲಿಟ್ಟಳು. ಗಗನಳಿಗೂ ಸುಸ್ತು, ಹೆಚ್ಚು ಹಟ ಮಾಡಲಿಲ್ಲ. ಅವಳ ಕೋಣೆಯ ಗೋಡೆಯಾಚೆಯೇ ಮಿಷಿನ್ನಿನ ಕೋಣೆ. ಕರೆಂಟು ಬಂದ ಮೇಲೆ ಸತ್ತುಹೋದ ಮಿಷಿನ್ನಿನ ಸ್ವಿಚ್ಚನ್ನು ಭಾವ ಮತ್ತೆ ಹಾಕಿಟ್ಟಿದ್ದರು. ಫ್ಯಾನು ಗುಂಯ್‌ಗುಡುತ್ತಲೇ ಇತ್ತು. ಆಗಾಗ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಕೂತು ಬರುವರು.

"ಇದ್ಯಾತಕ್ಕೆ ಭಾವ?" ಎಂದೆ.

"ಸದ್ದು ನಿಂತ್ರೆ ಅವಳಿಗೆ ಗೊತ್ತಾಯ್ತದೆ."

"ಕಾಳಿಲ್ದೆ ಗಿರಣಿ ಓಡಿಸ್ತಿದ್ದೀರಿ."

"ಹೂಂ ಕಣೋ" ಎಂದರು. ಇಷ್ಟು ವರ್ಷಗಳ ವಾದದಲ್ಲಿ ಮೊದಲ ಸಲ ನಾನು ಗೆದ್ದೆ. ಆ ಗೆಲುವು ನನಗೆ ಬೇಕಿರಲಿಲ್ಲ.

ಗುಂಪಿನಲ್ಲಿ ಬಂದ ಉತ್ತರಗಳನ್ನು ಫೋನಿಗೇ ಅನುವಾದ ಮಾಡಿಸಿ ನಾವಿಬ್ಬರೂ ಗಿರಣಿಯಲ್ಲಿ ಕೂತು ಓದುತ್ತಿದ್ದೆವು. ಬಹಳ ಜನ ಮಾತಿಲ್ಲದೆ ನಂಬಿಕೆ ಹಿಂತೆಗೆದುಕೊಂಡಿದ್ದರು. ಒಬ್ಬ ಬೈದಿದ್ದ. ಇನ್ನೊಬ್ಬರು, ಯಾವ ದೇಶದವರೋ, ಯಂತ್ರದ ಕನ್ನಡದಲ್ಲೇ ಬರೆದಿದ್ದರು: "ಆತ್ಮೀಯ ಅಜ್ಜ, ನಾನು ಕೋಪಗೊಂಡಿರುವೆನು. ನಾನು ನಾಣ್ಯಗಳನ್ನು ಕಳೆದುಕೊಂಡಿರುವೆನು. ಮಗು ಹೇಗಿದೆ?" ನಾನು ನಕ್ಕುಬಿಟ್ಟೆ. ಭಾವ ನಗಲಿಲ್ಲ. ಮಗು ಚೆನ್ನಾಗಿದೆ ಎಂದು ಬರೆದು, ಮತ್ತೆ ಕ್ಷಮಿಸಿ ಎಂದು ಸೇರಿಸಿದರು. ಊಟ ಅವರಿಗೆ ಸೇರುತ್ತಿರಲಿಲ್ಲ. ಅಂಗಿ ತೋಳಿನಲ್ಲಿ ಕೈ ಸಣ್ಣಗಾಗಿ ಕಾಣುತ್ತಿತ್ತು.

ಒಂದು ಬೆಳಿಗ್ಗೆ ಭಾವ ಬಾಣಂತಿಯ ಸ್ನಾನಕ್ಕೆ ಬಿಸಿನೀರು ಹೊತ್ತು ತಂದಾಗ ಗಗನ ಕೇಳಿದಳು, "ಈ ವಾರ ಅಪ್‌ಡೇಟ್ ಬಂದಿರ್ಬೇಕಲ್ಲಪ್ಪ, ಯಾರ ಕೈಲಿ ಮಾಡಿಸ್ದೆ?" ನಾನು ಅಲ್ಲೇ ನಡುಮನೆಯಲ್ಲಿದ್ದೆ. ಇದಕ್ಕೆ ಸುಳ್ಳು ಹೊಸೆಯುವಷ್ಟು ವಿದ್ಯೆ ಅವರಿಗಿರಲಿಲ್ಲ. ಹೊಸೆಯುವ ಮನಸ್ಸೂ ಮುಗಿದಿತ್ತೆಂದು ಕಾಣುತ್ತದೆ. ಕೊಡಪಾನ ಕೆಳಗಿಟ್ಟು, ಬಾಗಿಲ ಚೌಕಟ್ಟಿನಲ್ಲಿ ನಿಂತು, ನಡೆದಿದ್ದೆಲ್ಲವನ್ನೂ ಹೇಳಿದರು. ತಮ್ಮ ತಪ್ಪನ್ನು ಒಂದಿಷ್ಟೂ ತೇಲಿಸಲಿಲ್ಲ.

ಗಗನ ಮಗುವಿನ ಹೊದಿಕೆ ಸರಿಮಾಡಿದಳು. ಆಮೇಲೆ, "ಅವರಿಗೆಲ್ಲ ಹೇಳಿದ್ಯಾ?" ಎಂದಳು.

"ಅವತ್ತೇ ಬರ್ದೆ ಕಣವ್ವ."

"ಅವರಿಗೆ ಸತ್ತೋಯ್ತು ಅಂತ ಬರ್ದೆ. ಅದೇ ದಿನ ನನಗೆ ನಡೀತಾ ಅದೆ ಅಂದೆ. ಮಿಷಿನ್ ಮಾಡಿದ್ದೂ ಇದನ್ನೇ ಕಣಪ್ಪ. ಅದು ತಿಳೀದೆ ಮಾಡ್ತು. ನೀನು ತಿಳಿದೂ ತಿಳಿದೂ ಮಾಡ್ದೆ." ಗೋಡೆಯ ಕಡೆ ಕೈ ತೋರಿಸಿದಳು. "ಹೋದ್ರೆ ಹೋಗ್ಲಿ, ಇನ್ನೊಂದು ಕಟ್ತಿದ್ದೆ. ದಿನಾ ಆ ಫ್ಯಾನ್ ಸದ್ದು ಕೇಳ್ಕೊಂಡು ಮಗೂಗೆ ಹಾಲು ಕುಡಿಸ್ತಿದ್ನಲ್ಲಪ್ಪ ನಾನು."

"ನಾನೇ ಬೇಡ ಅಂದಿದ್ದು ಕಣೆ" ಎಂದಳು ಅಕ್ಕ.

"ನೀನು ಸುಮ್ನಿರಮ್ಮ" ಎಂದು ಗಗನ ಗೋಡೆ ಕಡೆ ತಿರುಗಿದಳು.

ಭಾವ ಹೋಗಿ ಮಿಷಿನ್ನಿನ ಸ್ವಿಚ್ಚು ಆರಿಸಿದರು. ಮನೆ ಒಮ್ಮೆಲೇ ಭಣಭಣ ಎನ್ನಿಸಿತು. ನನ್ನ ಹಿಂದೆಯೇ ಗಿರಣಿಗೆ ಬಂದು ಮೂಟೆಯ ಮೇಲೆ ಕೂತರು. ಹಗಲೆಲ್ಲ ಕೂತಿದ್ದರು. ಬೆಲ್ಟಿನ ಸದ್ದಿನ ಬಗ್ಗೆ ಒಂದು ಮಾತೂ ಆಡಲಿಲ್ಲ. "ಎರಡು ನಾಲಿಗೆಯೋನು ಆಗ್ಬುಟ್ಟೆ ಪ್ರಕಾಶ" ಎಂದರು ಸಂಜೆ ಏಳುವ ಮುಂಚೆ. ಈ ಮನುಷ್ಯನ ಮೇಲೆ ನನಗೆಷ್ಟು ಪ್ರೀತಿ ಇದೆ ಎಂದು ನನಗೆ ಸರಿಯಾಗಿ ಗೊತ್ತಾದದ್ದು ಅವತ್ತು. ಅವರ ತಲೆಯ ಮೇಲಿನ ಹಿಟ್ಟು ಒರೆಸಿ ಕಳಿಸಿದೆ.

ಗಗನ ಅಪ್ಪನ ಜೊತೆ ಮಾತು ಬಿಟ್ಟಳು. ಹೇಳುವುದಿದ್ದರೆ ಮಗುವಿಗೆ ಹೇಳುವಳು: "ನೀರು ಸಾಕು ಅಂತ ನಿಮ್ಮ ತಾತಂಗೆ ಹೇಳು ಪುಟ್ಟಿ." ತಾತ ಮಗುವಿಗೇ "ಆಯ್ತು" ಎಂದು ಉತ್ತರಿಸುವರು. ಹೀಗೇ ಕೆಲವು ದಿನ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ ಅವಳು ಅಮ್ಮನಿಂದ ಫೋನು ಕಿತ್ತುಕೊಂಡು, ಅಪ್ಪ ಬರೆದದ್ದನ್ನೂ ಅದಕ್ಕೆ ಬಂದ ಉತ್ತರಗಳನ್ನೂ ಪೂರ್ತಿ ಓದಿದಳು. ಓದಿ ಮುಗಿಸಿ, "ಅಪ್ಪಾ, ಆ ಲ್ಯಾಪ್‌ಟಾಪ್ ತಗೊಂಡ್ಬಾ" ಎಂದು ಕೂಗಿದಳು.

ಹಳೆಯ ಸಹಿ ಸತ್ತಿತ್ತು. ಹೊಸ ಸಹಿ, ಹೊಸ ಖಾತೆ, ಎಲ್ಲ ಮೊದಲಿನಿಂದ. ಗುಂಪಿನಲ್ಲಿ ಅವಳು ಬರೆದಳು: ಕೆಸರೆಯವರು ಮತ್ತೆ ಬಂದಿದ್ದೇವೆ, ನಡೆಸುವವರು ಈಗಲೂ ನಾನು ಮತ್ತು ನಮ್ಮಪ್ಪ, ನಂಬುವುದು ಬಿಡುವುದು ನಿಮ್ಮಿಷ್ಟ. ಹಳಬರಲ್ಲಿ ಕೆಲವರು ಬಂದರು, ಬಹಳಷ್ಟು ಜನ ಬರಲಿಲ್ಲ. ಮಗು ಹೇಗಿದೆ ಎಂದು ಕೇಳಿದ್ದವರು ಬಂದರು. ಯಾರೋ ಒಬ್ಬರು ತಮ್ಮ ಮಿಷಿನ್ನು ಮುಚ್ಚಿಕೊಂಡು ಹೋದದ್ದರಿಂದ ಸಾಲಿನ ತುದಿಯಲ್ಲೊಂದು ಜಾಗ ತೆರವಾಗಿ, ನಾವು ಹೇಗೋ ಒಳಗೆ ತೂರಿಕೊಂಡೆವು. ಭಾವ ಮಾತ್ರ ಮಿಷಿನ್ನಿನ ಹತ್ತಿರ ಹೋಗುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ಮಗಳು ಮಾಡುವುದನ್ನು ನೋಡುವರು.

ಬಾಣಂತನ ಮುಗಿದು ಗಗನ ಚಾಮರಾಜಪುರಂಗೆ ಹೊರಡುವ ದಿನ ಹತ್ತಿರ ಬಂತು. ಅವಳು ಹೋದರೆ ಕೆಸರೆಯ ಮಿಷಿನ್ನು ಮತ್ತೆ ಅಪ್ಪನ ಕೈಗೆ, ಇಲ್ಲವೇ ಬಾಡಿಗೆಯ ಯಾವುದೋ ಜಾಗಕ್ಕೆ. ಬಾಡಿಗೆಗೇ ಹಾಕವ್ವ, ನನ್ನ ಕೈಲಿ ಬೇಡ ಎಂದು ಭಾವ ಎರಡು ಸಲ ಹೇಳಿದ್ದರು.

"ನನ್ನೆದುರಿಗೆ ಒಂದ್ಸಲ ಮಾಡು. ಆಮೇಲೆ ನೋಡಾನ" ಎಂದು ಅವಳು ಎಳೆದು ತಂದು ಕುರ್ಚಿಯಲ್ಲಿ ಕೂರಿಸಿದಳು. ನಾನೂ ಅಕ್ಕನೂ ಬಾಗಿಲಲ್ಲಿ ನಿಂತೆವು.

ಭಾವ ಇಲ್ಲಿಯದನ್ನು ನಿಲ್ಲಿಸಿದರು. ಹಸಿರು ನಿಂತಿತು. ನಿಲ್ಲಿಸಿದ ಕೈ ತಾನಾಗಿಯೇ ಇನ್ನೊಂದರ ಕಡೆ ಹೋಯಿತು.  ಗಗನ ಹೆಗಲ ಮೇಲಿದ್ದ ಮಗುವನ್ನು ಇಳಿಸಿ ಅಪ್ಪನ ಕೈಗೆ ಹಾಕಿಬಿಟ್ಟಳು. ಎರಡೂ ಕೈಯಲ್ಲಿ ಹಿಡಿಯದೆ ಅವರಿಗೆ ಬೇರೆ ದಾರಿ ಇರಲಿಲ್ಲ.

"ಕೈ ಖಾಲಿ ಇದ್ರೆ ತಾನೆ ನಿನಗೆ ತಡೆಯಕ್ಕಾಗದೆ ಇರೋದು? ಹತ್ತು ನಿಮಿಷ ಇವಳನ್ನ ಹಿಡ್ಕೊಂಡಿರು" ಎಂದಳು.

ಪರದೆಯ ಮೇಲೆ ಕೆಂಪು ಬಿತ್ತು. ಫೋನು ಸೈರನ್ ಕೂಗಿತು, ಅವಳು ಬಾಯಿ ಮುಚ್ಚಿಸಿದಳು. ಮತ್ತೊಂದು ಕೆಂಪು, ಮತ್ತೊಂದು. ಭಾವನ ಹಣೆಯಲ್ಲಿ ಬೆವರು. ನಾನು ಏನೋ ಹೇಳಲು ಹೋದೆ, ಅಕ್ಕ ನನ್ನ ರೆಟ್ಟೆ ಚಿವುಟಿದಳು. ಅಷ್ಟರಲ್ಲಿ ಮಗು ರಾಗ ತೆಗೆಯಿತು. ಅವರು ಕುರ್ಚಿಯಲ್ಲೇ ಹಿಂದೆ ಮುಂದೆ ತೂಗಿದರು, ಸಾಲದೆ ಎದ್ದು ನಿಂತು ತೂಗಿದರು. ಮಗು ಅವರ ಅಂಗಿಯ ಗುಂಡಿ ಹಿಡಿದುಕೊಂಡು, ಬಿಕ್ಕಿ, ಆಕಳಿಸಿತು. ತೂಗುತ್ತ ತೂಗುತ್ತ ಅವರು ಪರದೆಗೆ ಬೆನ್ನು ಹಾಕಿ ನಿಂತುಬಿಟ್ಟಿದ್ದರು.

"ಅಪ್ಪಾ, ಹತ್ತು ನಿಮಿಷ ಆಯ್ತು. ಈಗ ಅದನ್ನ ಶುರು ಮಾಡು" ಎಂದಳು ಗಗನ.

ಭಾವ ತಿರುಗಲಿಲ್ಲ. "ಇರವ್ವ, ಕೂಗ್ಬೇಡ" ಎಂದು ಪಿಸುಗುಟ್ಟಿದರು. "ಈಗ್ತಾನೆ ಕಣ್ಮುಚ್ಚವಳೆ. ಅದು ನಿಂತಿರ್ಲಿ ಬುಡು."

ನಾನು ಅಕ್ಕನ ಮುಖ ನೋಡಿದೆ. ಅಕ್ಕ ಸೆರಗಿನಿಂದ ಮೂಗು ಒತ್ತಿಕೊಂಡಳು. ಗಗನ ಕುರ್ಚಿಯನ್ನು ಸದ್ದಾಗದಂತೆ ಎಳೆದು ಅಪ್ಪನ ಹಿಂದೆ ಇಟ್ಟಳು. ಅವರು ಮೆಲ್ಲಗೆ ಕೂತರು. ಅವಳೂ ನೆಲದ ಮೇಲೆ ಅವರ ಕಾಲ ಹತ್ತಿರ ಕೂತಳು. ಮಿಷಿನ್ನನ್ನು ಯಾರೂ ಮುಟ್ಟಲಿಲ್ಲ.